ಆಯಿಗಾಗಿ ಕಾಕಾ ಕಟ್ಟಿದ ಕಾರು

ಬೇಸಿಗೆ ರಜೆ ಬಿಟ್ಟಿತೆಂದರೆ ಚಪಳಗಾಂವಕ್ಕೆ ಹೊರಡುವುದು ಎಂದೇ ನಮ್ಮ ಮನೆಯಲ್ಲಿ ಅರ್ಥವಾಗುತ್ತಿದ್ದ ದಿನಗಳು ಅವು. ಸೊಲ್ಲಾಪುರದ ಬಾಳಿವೇಸಿನಲ್ಲಿ ನಮ್ಮದು ಟವೆಲ್ ವ್ಯಾಪಾರದ ಮನೆ. ಬೆಳಗಾದರೆ ಹಿಂದಿನ ಓಣಿಯ ಪವರ್‌ಲೂಮುಗಳ ಸದ್ದು, ಸಂಜೆಯಾದರೆ ಕಾದ ಕಲ್ಲಿನ ಅಂಗಳಕ್ಕೆ ನೀರು ಚಿಮುಕಿಸಿದ ವಾಸನೆ. ಆ ಉರಿಯಲ್ಲಿ ನನಗೆ ಬೇಕಾಗಿದ್ದುದು ಗೌರಾ ಆಯಿಯ ಹೊಲದ ಬಾವಿ, ಮಾವಿನಹಣ್ಣಿನ ಸೀಕರಣಿ, ಎಮ್ಮೆಗಳನ್ನು ನೀರಿಗೆ ಬಿಡುವ ಹೊತ್ತಿನ ಗದ್ದಲ. ಗೌರಾ ಆಯಿ ಎಂದರೆ ನಮ್ಮ ಆಯಿಯ, ಅಪ್ಪನ ತಾಯಿಯ, ಒಬ್ಬಳೇ ತಂಗಿ.

ನಾನು ಐದನೆಯ ಇಯತ್ತೆ ಮುಗಿಸಿದ ವರ್ಷ ಆ ರಜೆಯನ್ನು ಅಪ್ಪನ ತಮ್ಮ ಶಿವು ಕಾಕಾ ನುಂಗಿಹಾಕಿದ.

ಹಿಂದಿನ ದೀಪಾವಳಿಯಲ್ಲಿ ಆಯಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದಳು. ಆಪರೇಷನ್ ಆಗಿ ಕೋಲು ಹಿಡಿದು ನಡೆಯುವಂತಾದರೂ ಒಂದು ಕಾಲು ಮಡಚಲು ಬರುತ್ತಿರಲಿಲ್ಲ. ಬಸ್ಸು ಹತ್ತುವುದು ದೂರದ ಮಾತು. ಸಂಕ್ರಾಂತಿಗೆ ಚಪಳಗಾಂವಕ್ಕೆ ಹೋಗಲೆಂದು ಬಾಡಿಗೆ ಕಾರು ತರಿಸಿದಾಗ ಡ್ರೈವರನೂ ಅಪ್ಪನೂ ಸೇರಿ ಆಕೆಯನ್ನು ಟವೆಲ್ಲಿನ ಗಂಟಿನಂತೆ ಒಳಗೆ ತಳ್ಳಬೇಕಾಯಿತು. ಓಣಿಯವರೆಲ್ಲ ನಿಂತು ನೋಡಿದರು. ಆಯಿ ಅಲ್ಲೇ ಇಳಿಸಿ ಎಂದಳು, ಇಳಿದಳು, ಇನ್ನು ಯಾವ ಗಾಡಿಯನ್ನೂ ಹತ್ತುವುದಿಲ್ಲ ಎಂದು ಹೇಳಿ ಒಳಗೆ ಹೋದಳು. ಅತ್ತ ಗೌರಾ ಆಯಿಗೆ ಎಮ್ಮೆಗಳನ್ನು ಬಿಟ್ಟು ಸೊಲ್ಲಾಪುರಕ್ಕೆ ಬಂದಿರಲು ಆಗುತ್ತಿರಲಿಲ್ಲ. ಅಕ್ಕ ತಂಗಿ ಅಪ್ಪನ ಮೊಬೈಲಿನಲ್ಲಿ ಊಟವಾಯಿತೇ ಎಂದು ಒಬ್ಬರಿಗೊಬ್ಬರು ಕೂಗಿ ಇಟ್ಟುಬಿಡುತ್ತಿದ್ದರು. ಇಟ್ಟ ಮೇಲೆ ಆಯಿ ಆ ಮೊಬೈಲನ್ನು ಸೆರಗಿನಿಂದ ಒರೆಸುತ್ತ ಕೂರುತ್ತಿದ್ದಳು.

ಅದನ್ನು ನೋಡಲಾರದೆ ಕಾಕಾ ಒಂದು ದಿನ ಹೇಳಿದ, "ಅವ್ವಾ, ಯಾರೂ ಕೈ ಹಚ್ಚದಂಗ ನೀನ ಹತ್ತಿ ಕುಂಡ್ರೂವಂಥಾ ಗಾಡಿ ನಾ ಮಾಡ್ತೀನಿ."

ಮನೆಯವರೆಲ್ಲ ಹೆದರಿದ್ದು ಆಗಲೇ. ಕಾಕಾ ಅಪ್ಪನ ಜೊತೆ ಅಂಗಡಿಯಲ್ಲಿ ಕೂರುತ್ತಿದ್ದ, ಮನಸ್ಸು ಮಾತ್ರ ಸದಾ ಯಾವುದೋ ಯಂತ್ರದಲ್ಲಿ. ಮಿಕ್ಸರ್ ಬಿಚ್ಚಿದ್ದ, ಕೂಲರ್ ಬಿಚ್ಚಿದ್ದ, ನೀರಿನ ಮೋಟರ್ ಬಿಚ್ಚಿದ್ದ. ಜೋಡಿಸಿದ ಮೇಲೆ ಪ್ರತಿಯೊಂದರಲ್ಲೂ ಒಂದೆರಡು ಸ್ಕ್ರೂ ಉಳಿಯುತ್ತಿದ್ದವು. ಅಂಥವನು ಭಂಗಾರದ, ಎಂದರೆ ಗುಜರಿಯ, ಅಂಗಡಿಯಿಂದ ತುಕ್ಕು ಹಿಡಿದ ಸಣ್ಣ ಕಾರೊಂದನ್ನು ಟೆಂಪೋಕ್ಕೆ ಕಟ್ಟಿ ಎಳೆಸಿ ತಂದ. ಮಾಲು ಇಡುವ ಶೆಡ್ಡಿನಲ್ಲಿ ಅದನ್ನು ನಿಲ್ಲಿಸಿ, ಅಲ್ಲಿದ್ದ ಟವೆಲ್ಲಿನ ಗಂಟುಗಳನ್ನೆಲ್ಲ ನಡುಮನೆಗೆ ಸಾಗಿಸಿದ. ಎಷ್ಟು ದಿನ ಎಂದು ಅಪ್ಪ ಕೇಳಿದ. ಬರುವ ಸೋಮವಾರ ಎಂದ ಕಾಕಾ.

ಎಷ್ಟೋ ಸೋಮವಾರಗಳು ಬಂದು ಹೋದವು. ಕಾಕಾ ಬಾಗಿಲನ್ನು ಅಗಲ ಮಾಡಲು ಕಾರಿನ ಪಕ್ಕೆ ಕೊರೆದ, ಚಾವಣಿ ಎತ್ತರಿಸಲು ಹಳೆಯ ಕಪಾಟಿನ ತಗಡು ಕತ್ತರಿಸಿದ. ವೆಲ್ಡಿಂಗಿನ ಬಾಬು ಭಾಯಿ ಚಹಾ ಕುಡಿಯಲು ದಿನಾ ಬರುತ್ತಿದ್ದ, ಕೆಲಸಕ್ಕೆ ಯಾವಾಗಲೋ ಒಮ್ಮೆ. ಮುಚ್ಚಿಹೋದ ಸಲೂನಿನಿಂದ ತಿರುಗುವ ಕುರ್ಚಿಯೊಂದು ಬಂತು. ಅದನ್ನು ಮುಂದಿನ ಸೀಟಿನ ಜಾಗದಲ್ಲಿ ಕೂರಿಸಿದರೆ ಆಯಿ ಹೊರಗಿನಿಂದಲೇ ಕುಳಿತು, ಹಾಗೇ ಒಳಕ್ಕೆ ತಿರುಗಬಹುದು ಎಂಬುದು ಕಾಕಾನ ಲೆಕ್ಕಾಚಾರ. ಅತ್ತೆಯನ್ನು ಕ್ಷೌರದ ಕುರ್ಚಿಯ ಮೇಲೆ ಕೂರಿಸಿ ಊರು ಮೆರೆಸುತ್ತಾನಂತೆ ಎಂದು ಮಮ್ಮಿ ಹಣೆ ಚಚ್ಚಿಕೊಂಡಳು.

ನಾವು ಗಂಟುಗಳ ಸಂದಿಯಲ್ಲಿ ಹಾಸಿಗೆ ಹಾಸಿ ಮಲಗುತ್ತಿದ್ದೆವು. ಮೂಗಿನ ತುಂಬ ಹೊಸ ಬಟ್ಟೆಯ ಗಂಜಿ ವಾಸನೆ, ಅದರ ಮೇಲೆ ಪೆಟ್ರೋಲಿನ ವಾಸನೆ. ಅಂಗಳದಲ್ಲಿ ಲಗೋರಿ ಆಡುವಂತಿಲ್ಲ, ಎಲ್ಲೆಂದರಲ್ಲಿ ಬೋಲ್ಟು. ದುಧನಿಯ ವ್ಯಾಪಾರಿಯೊಬ್ಬ ನಮ್ಮ ಗಂಟು ಬಿಚ್ಚಿ, ಟವೆಲ್ ಮೂಸಿ, ಹಾಗೇ ವಾಪಸು ಕಳಿಸಿದ. ಅಂದಿನಿಂದ ಅಪ್ಪ ಕಾಕಾನ ಜೊತೆ ಮಾತು ಬಿಟ್ಟ. "ರೇಣು, ನಿಮ್ಮ ಕಾಕಾಗ ಹೇಳು" ಎಂದು ಅವನೆದುರೇ ನನಗೆ ಹೇಳುತ್ತಿದ್ದ. ಅವನ ಮಾತು ಇವನಿಗೆ, ಇವನ ಮಾತು ಅವನಿಗೆ ದಾಟಿಸಿ ನನಗೆ ರೋಸಿಹೋಗಿತ್ತು.

ಬಣ್ಣ ಹೊಡೆದ ದಿನವಂತೂ ಮಮ್ಮಿ ಮಾಳಿಗೆಯ ಮೇಲೆ ಒಣಹಾಕಿದ್ದ ಕುರಡಿಗಿ ಸಂಡಿಗೆಯ ಮೇಲೆಲ್ಲ ನೀಲಿ ತುಂತುರು ಕೂತಿತು. ಮಮ್ಮಿ ಅದರಲ್ಲೊಂದನ್ನು ಕರಿದು ಕಾಕಾನ ತಾಟಿನಲ್ಲಿ ಹಾಕಿದಳು. ಅವನು ಮುರಿದು ತಿಂದು, "ರುಚಿ ಚಲೋ ಐತ್ರಿ ವೈನಿ" ಎಂದ. ಮಮ್ಮಿ ಎದ್ದು ಅಡುಗೆಮನೆಗೆ ಹೋದಳು. ಅತ್ತಳೋ ನಕ್ಕಳೋ ನನಗೆ ಕಾಣಲಿಲ್ಲ.

ನಾನು ಸಿಟ್ಟಿನಿಂದ ಆಯಿಯ ಹತ್ತಿರ ಹೋಗಿ, ಇದು ಈ ಜನ್ಮದಲ್ಲಿ ಮುಗಿಯುವುದಿಲ್ಲ, ಬಿಟ್ಟುಬಿಡಲು ಹೇಳು ಎಂದೆ. ಆಯಿ ಮಾಲೆ ಕಟ್ಟುತ್ತಿದ್ದಳು. "ನನಗೂ ಹಂಗ ಅನಸ್ತೈತಿ" ಎಂದಳು. "ಆದ್ರ ನನ್ನ ಸಲುವಾಗಿ ಇಷ್ಟು ಮೈ ಮುರದು ಮೊದಲ ಯಾರ ದುಡದಿದ್ರು? ಇರ್ಲಿ ಬಿಡು."

ರಜೆ ಮುಗಿಯಲು ಬಂದಾಗ ಕಾರು ಚಾಲೂ ಆಯಿತು. ಬಾನೆಟ್ ನೀಲಿ, ಬಾಗಿಲು ಕೆಂಪು, ತಗಡಿನ ಚಾವಣಿಗೆ ಬಣ್ಣವೇ ಸಾಲಲಿಲ್ಲ. ಆಯಿ ಕೋಲು ನನ್ನ ಕೈಗೆ ಕೊಟ್ಟು, ಕುರ್ಚಿಯ ಮೇಲೆ ಕುಳಿತು, ಯಾರ ಕೈಯನ್ನೂ ಹಿಡಿಯದೆ ಒಳಕ್ಕೆ ತಿರುಗಿದಳು. ಓಣಿಯವರು ಆಗಲೂ ನಿಂತು ನೋಡಿದರು. ಕಾಕಾ ಸ್ಟಿಯರಿಂಗ್ ಹಿಡಿದು ಕೂತಿದ್ದ. ಅಪ್ಪ, ಮಮ್ಮಿ, ನಾನು ಹಿಂದೆ ತುರುಕಿಕೊಂಡೆವು.

ಅಕ್ಕಲಕೋಟದವರೆಗೆ ಕಾರು ಓಡಿತು. ಊರು ದಾಟಿ ಚಪಳಗಾಂವದ ದಾರಿ ಹಿಡಿದ ಮೇಲೆ ಬಾನೆಟ್ಟಿನಿಂದ ಹೊಗೆಯೆದ್ದು, ಒಂದು ಬೇವಿನ ಮರದ ಹತ್ತಿರ ನಿಂತುಬಿಟ್ಟಿತು. ಕಾಕಾ ನಮ್ಮ ಕುಡಿಯುವ ನೀರನ್ನೆಲ್ಲ ರೇಡಿಯೇಟರಿಗೆ ಸುರಿದ. ಅದು ಕೆಳಗೆ ಸೋರಿ ಮಣ್ಣು ಸೇರಿತು. ಇಷ್ಟು ದಿನ ನುಂಗಿಕೊಂಡಿದ್ದ ಅಪ್ಪ ಅಲ್ಲಿ ಬಾಯಿಬಿಟ್ಟ. ಟವೆಲ್ಲಿನಿಂದ ಹಿಡಿದು ಮಿಕ್ಸರಿನವರೆಗೆ ಎಲ್ಲ ಬಂತು. ಕಾಕಾ ಕಾರಿನ ಕೆಳಗೆ ಹೊಕ್ಕ. ಕಡೆಗೆ ಅಪ್ಪ ಗೌರಾ ಆಯಿಯ ಮಗನಿಗೆ ಫೋನ್ ಮಾಡಿ, ಎಳೆದೊಯ್ಯಲು ಟ್ರ್ಯಾಕ್ಟರ್ ತರಲು ಹೇಳಿದ.

ಟ್ರ್ಯಾಕ್ಟರ್ ಬಂತು. ಹಿಂದಿನ ಟ್ರಾಲಿಯಲ್ಲಿ ಹಿಂಡಿಯ ಚೀಲದ ಮೇಲೆ ಗೌರಾ ಆಯಿಯೇ ಕೂತಿದ್ದಳು. ಮಡಿಲಲ್ಲಿ ಬುತ್ತಿ. ಆಯಿ ಕುರ್ಚಿಯನ್ನು ಮರದ ನೆರಳಿನ ಕಡೆ ತಿರುಗಿಸಿಕೊಂಡಳು. ಗೌರಾ ಆಯಿ ಚೀಲವನ್ನು ಕೆಳಗೆ ಹಾಕಿಸಿ ಆಕೆಯ ಮೊಣಕಾಲಿಗೆ ತಾಗಿ ಕುಳಿತಳು. ಇಬ್ಬರೂ ಮೊದಲು ಅತ್ತರು, ಆಮೇಲೆ ಕಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿ ಹಚ್ಚಿಕೊಂಡು ತಿಂದರು, ಆಮೇಲೆ ಶುರುವಾಯಿತು ಮಾತು. ಹಗ್ಗ ಬಿಗಿದು ಮನೆಗೆ ಎಳೆದೊಯ್ಯೋಣ ಎಂದು ಮಗ ಬಂದರೆ ಗೌರಾ ಆಯಿ ಅವನನ್ನು ತಡೆದಳು.

"ಇಲ್ಲೇ ಇರ್ಲಿ ತಮ್ಮಾ. ಮನಿಗಿ ಹೋದ್ರ ನಾ ಒಲಿ ಮುಂದ, ಅಕ್ಕ ಪಡಸಾಲ್ಯಾಗ. ಮಾತಾಡಾಕ ಎಲ್ಲಿ ಸಿಗ್ತೈತಿ?"

ಆಯಿ ತಲೆಯಾಡಿಸಿದಳು. ನಾನು ಬಾವಿ, ಸೀಕರಣಿ ಎಂದು ಗೋಳಾಡಿದೆ, ಯಾರೂ ಕೇಳಿಸಿಕೊಳ್ಳಲಿಲ್ಲ. ಸೋರುತ್ತಿದ್ದ ಕಡೆ ಸಾಬೂನು ಮೆತ್ತಿ, ಟ್ರಾಲಿಯಲ್ಲಿದ್ದ ಕೊಡದ ನೀರು ಹಾಕಿ ಕಾಕಾ ಕಾರನ್ನು ಸರಿ ಮಾಡಿದಾಗ ಹೊತ್ತು ಇಳಿದಿತ್ತು. ಗೌರಾ ಆಯಿಗೆ ಹಾಲು ಕರೆಯುವ ಸಮಯವಾಗಿತ್ತು. ಅವಳು ಚಪಳಗಾಂವದ ಕಡೆ, ನಾವು ಸೊಲ್ಲಾಪುರದ ಕಡೆ.

ಅಷ್ಟಕ್ಕೇ ಮುಗಿಯಲಿಲ್ಲ. ಕಾಕಾ ಹೊಸ ರೇಡಿಯೇಟರ್ ಹಾಕಿದ, ಕಾರು ಈಗ ಚಪಳಗಾಂವದವರೆಗೆ ಸಲೀಸಾಗಿ ಹೋಗುವಂತಾಯಿತು. ಆದರೆ ಆಯಿ ಪ್ರತಿಸಲವೂ ಅದೇ ಮರದ ಹತ್ತಿರ ನಿಲ್ಲಿಸು ಎನ್ನುತ್ತಿದ್ದಳು. ಗೌರಾ ಆಯಿಯೂ ಟ್ರಾಲಿಯಲ್ಲಿ ಅಲ್ಲಿಗೇ ಬರುತ್ತಿದ್ದಳು. ಮುಂದೆ ಹೋಗೋಣವ್ವಾ, ಗಾಡಿ ಹೋಗುತ್ತದೆ ಎಂದು ಕಾಕಾ ಅಂಗಲಾಚುತ್ತಿದ್ದ. ಅವನ ಕಾರು ಊರೊಳಗೆ ಒಮ್ಮೆಯೂ ಹೋಗಲಿಲ್ಲ, ನನ್ನ ರಜೆಗಳೂ ರಸ್ತೆಯ ಬದಿಯಲ್ಲೇ ಕಳೆದವು. ಗೌರಾ ಆಯಿ ತೀರಿಕೊಂಡ ಚಳಿಗಾಲದವರೆಗೂ ಹೀಗೇ ನಡೆಯಿತು. ಆಮೇಲೆ ಆಯಿ ಕಾರು ಹತ್ತಲಿಲ್ಲ. ಅವಳೂ ಹೋದ ಮೇಲೆ ಕಾಕಾ ಅದನ್ನು ಬಿಚ್ಚಿ ಭಂಗಾರಕ್ಕೆ ಹಾಕಿದ. ಆವತ್ತು ಯಾರೂ ಅವನನ್ನು ಬೈಯಲಿಲ್ಲ.

ಕಾಕಾನ ಬಳಿ ಈಗ ಶೋರೂಮಿನಿಂದ ತಂದ ಕಾರಿದೆ. ಬಾನೆಟ್ ಎತ್ತುವುದನ್ನು ನಾನು ನೋಡಿಲ್ಲ. ಕೇಳಿದರೆ, ಇದರಲ್ಲಿ ಕೈ ಹಾಕಲು ಏನೂ ಇಲ್ಲ ಎನ್ನುತ್ತಾನೆ. ಹೋದ ತಿಂಗಳು ಮದುವೆಯೊಂದಕ್ಕೆ ಅಕ್ಕಲಕೋಟಕ್ಕೆ ಹೋಗಬೇಕಿತ್ತು. ಅಪ್ಪ ಮಮ್ಮಿ ಒಂದು ಕಾರು, ಕಾಕಾ ಒಂದು, ನಾನು ನನ್ನ ಮಕ್ಕಳು ಒಂದು. ಗಾಜು ಏರಿಸಿಕೊಂಡು, ಎ.ಸಿ. ಹಾಕಿಕೊಂಡು, ಹೆಚ್ಚುಕಮ್ಮಿ ಒಟ್ಟಿಗೇ ಹೋಗಿ ಇಳಿದೆವು. ದಾರಿ ಹೇಗಿತ್ತು ಎಂದು ಯಾರೂ ಯಾರನ್ನೂ ಕೇಳಲಿಲ್ಲ. ಹೇಳುವಂಥದ್ದು ಯಾರಿಗೂ ಏನೂ ಆಗಿರಲಿಲ್ಲ.