ದೊಡ್ಡಪ್ಪನ ಫೋಟೋದ ಹಿಂದಿನ ಕೋಣೆ

ಬೆಟ್ಟದಪುರದ ಹತ್ತಿರದ ನಮ್ಮೂರಿನಲ್ಲಿ, ನಾನೊಂದು ಹಳೇ ಶೂಟಿಂಗ್ ಗೇಮಿಗೆ ಮ್ಯಾಪು ಕಟ್ಟುತ್ತೇನೆ ಎಂದರೆ ಯಾರಿಗೂ ಅರ್ಥವಾಗುವುದಿಲ್ಲ. ಬಿಡಿ, ಅರ್ಥ ಮಾಡಿಸುವ ತಾಳ್ಮೆ ನನಗೂ ಇಲ್ಲ. ಬಂದೂಕು ಹಿಡಿದು ಕೋಣೆಯಿಂದ ಕೋಣೆಗೆ ನುಗ್ಗಿ ಪಿಶಾಚಿಗಳನ್ನು ಹೊಡೆದುರುಳಿಸುವ ಆಟ ಅದು. ಅದಕ್ಕೆ ಹೊಸ ಹೊಸ ಕೋಣೆ, ಗೋಡೆ, ಬಾಗಿಲುಗಳನ್ನು ನನ್ನಂಥ ಹುಚ್ಚರು ಪುಕ್ಕಟೆಯಾಗಿ ಕಟ್ಟಿ ಇಂಟರ್‌ನೆಟ್ಟಿಗೆ ಬಿಡುತ್ತೇವೆ. ಯಾವ್ಯಾವುದೋ ದೇಶದವರು ಆಡುತ್ತಾರೆ.

ಹೋದ ವರ್ಷ ದೊಡ್ಡಮ್ಮನ ಹಳೇ ಮನೆ ಕೆಡವಿ ತಾರಸಿ ಮನೆ ಕಟ್ಟಿದರು. ಕೆಡವುವ ಮುಂಚೆ ನಾನು ಮೂಲೆಮೂಲೆಯ ಫೋಟೋ ತೆಗೆದು ಆ ಮನೆಯನ್ನೇ ಮ್ಯಾಪು ಮಾಡಿದೆ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆ, ಜಗಲಿ, ನಡುಮನೆ, ಗೋಡೆಯ ಮೇಲೆ ಹಾರ ಹಾಕಿದ ದೊಡ್ಡಪ್ಪನ ಫೋಟೋ, ಎಲ್ಲ ಇದ್ದ ಹಾಗೇ. ಆಡಿದವರು ಹೊಗಳಿದ್ದೇ ಹೊಗಳಿದ್ದು, ನಾನು ಬೀಗಿದ್ದೇ ಬೀಗಿದ್ದು.

ಸುದ್ದಿ ದೊಡ್ಡಮ್ಮನ ಕಿವಿಗೂ ಬಿತ್ತು. ಒಂದು ಮಧ್ಯಾಹ್ನ ಬಂದು ಕಂಪ್ಯೂಟರಿನ ಮುಂದೆ ಕೂತಳು.

"ನಮ್ಮನೆ ಇಟ್ಕಂಡಿದ್ದೀಯಂತಲ್ಲ, ತೋರ್ಸು ಕಣಪ್ಪ."

ಅವಳು ಹೆದರಬಾರದೆಂದು ಪಿಶಾಚಿಗಳನ್ನೆಲ್ಲ ತೆಗೆದೆ. ಅಷ್ಟು ಮಾಡಿದರೆ ಸಾಕೆಂದುಕೊಂಡಿದ್ದೆ, ಪೆದ್ದ. ಜಗಲಿ ಕಂಡೊಡನೆ ಅವಳ ಮುಖ ಅರಳಿತು. ನಡುಮನೆಯಲ್ಲಿ ಫೋಟೋಗೆ ಕೈ ಮುಗಿದಳು.

"ಒಳಕೋಣೆಗೆ ನಡಿ. ಕೊನೇಗೆ ನಿಮ್ದೊಡ್ಡಪ್ಪ ಅಲ್ಲೇ ಮಲಗಿದ್ರಲ್ಲ. ಅದೊಂದ ಕಣ್ತುಂಬ ನೋಡ್ಬುಡ್ತೀನಿ. ಇನ್ನೆಲ್ಲೈತೆ ಆ ಕೋಣೆ?"

ಇಂಥ ಮ್ಯಾಪುಗಳಲ್ಲಿ ಒಂದಾದರೂ ಗುಟ್ಟಿನ ಕೋಣೆ ಇಡುವುದು ನಮ್ಮ ಪದ್ಧತಿ. ಗೋಡೆಯಲ್ಲಿ ಏನಾದರೂ ಬೇರೆಯಾಗಿ ಕಂಡರೆ ಆಡುವವನು ಅದಕ್ಕೆ ಗುಂಡು ಹೊಡೆದು ನೋಡುತ್ತಾನೆ, ಬಾಗಿಲು ತೆರೆಯುತ್ತದೆ. ನಾನು ಒಳಕೋಣೆಯನ್ನೇ ಗುಟ್ಟಿನ ಕೋಣೆ ಮಾಡಿದ್ದೆ, ಗುರುತಿಗೆ ದೊಡ್ಡಪ್ಪನ ಫೋಟೋ. ಕಟ್ಟುವಾಗ ನನ್ನ ಕಣ್ಣಿಗೆ ಅದು ದೊಡ್ಡಪ್ಪನಾಗಿ ಕಂಡೇ ಇರಲಿಲ್ಲ. ಥೂ, ನನ್ನ ಜನ್ಮಕ್ಕಿಷ್ಟು.

"ಬಾಗ್ಲೇ ಕಾಣಾಕಿಲ್ವಲ್ಲ, ತೆಗಿಯೋದು ಎಂಗೆ?" ಎಂದಳು. ಸುಳ್ಳು ಹೇಳಲು ನಾಲಿಗೆ ಹೊರಳಲಿಲ್ಲ. ಇದ್ದದ್ದನ್ನು ಹೇಳಿದೆ.

"ಆಡೋರೆಲ್ಲ ಅವ್ರಿಗೆ ಅಂಗೇ ಹೊಡೀತಾರಾ?"

"ಹೂಂ."

"ನೀನೇ ಮಾಡಿದ್ದಾ ಅಂಗೆ?"

"ಹೂಂ, ದೊಡ್ಡಮ್ಮ."

ಅವಳು ಕಣ್ಣು ಮುಚ್ಚಿಕೊಂಡಳು. "ಸರಿ, ಹೊಡಿ. ನಾನು ಒಳೀಕೆ ಓಗ್ಬೇಕು."

ಹೊಡೆದೆ. ಸ್ಪೀಕರಿನ ಸದ್ದು ತಗ್ಗಿಸಬೇಕೆಂದೂ ತೋಚಲಿಲ್ಲ. ದೊಡ್ಡಮ್ಮ ಕೂತಲ್ಲೇ ಬೆಚ್ಚಿದಳು. ಫೋಟೋ ಇದ್ದ ಗೋಡೆ ಮೇಲಕ್ಕೆ ಸರಿದು ಕೋಣೆ ತೆರೆಯಿತು.

ಅವಳು ಕಣ್ಣು ಬಿಟ್ಟಳು. ಕಿಟಕಿ, ದೀಪದ ಗೂಡು, ಒಂದೊಂದನ್ನೂ ನಿಧಾನವಾಗಿ ನೋಡಿದಳು. ಕೊನೆಗೆ ಕೆಳಗೆ ಬೆರಳು ತೋರಿಸಿ, "ಅವ್ರ ಮಂಚ ಇದ್ದ ತಾವ ಇವೇನ್ ಮಗ, ಡಬ್ಬಗಳು?" ಎಂದು ಕೇಳಿದಳು.

ಅವಳ ಮುಖ ನೋಡಲಾಗದೆ ಕೀಬೋರ್ಡು ನೋಡುತ್ತ ಹೇಳಿದೆ: "ಬುಲೆಟ್ಟು, ದೊಡ್ಡಮ್ಮ. ಫೋಟೋಗೆ ಹೊಡೆದೋರ್ಗೆ ಬಹುಮಾನ."