ಶಾರದೆಯ ಕಾರಿನ ಗೇರು

ನನ್ನ ಹೆಂಡತಿ ಶಾರದೆಯ ಕಾರು ಆಟೋಮ್ಯಾಟಿಕ್. ಓಡಿಸುತ್ತಿದ್ದದ್ದು ಅವಳೇ, ನಾನು ಪಕ್ಕದಲ್ಲಿ ಕೂರುವವ. ಅವಳು ತೀರಿಕೊಂಡ ಮೇಲೆ ನಾನು ಹೊರಗೆ ತೆಗೆದರೆ, ಗೇರು ಬೀಳುವಾಗ ಕಾರು ತಡೆದು ತಡೆದು ಎಗರುತ್ತಿತ್ತು. ಮಂಗಳೂರಿನ ಶೋರೂಮಿನವರು ಗೇರ್‌ಬಾಕ್ಸೇ ಬದಲಿಸಬೇಕು ಅಂದರು. ಅಷ್ಟು ಹಣ ನನ್ನಲ್ಲಿಲ್ಲ. ಕಾರು ಮಾರುವುದೊಂದೇ ದಾರಿ.

ಮೊಗ್ರಾಲಿನಲ್ಲಿ ಹಮೀದನ ಗ್ಯಾರೇಜು ಉಂಟು. ದುಬೈಯಲ್ಲಿ ಇಂಥ ಗಾಡಿಗಳನ್ನೇ ರಿಪೇರಿ ಮಾಡಿ ಬಂದವ. ಮಾರುವ ಮೊದಲು ಅವನಿಗೊಮ್ಮೆ ತೋರಿಸಿದೆ. ಗೇರ್‌ಬಾಕ್ಸಿನ ಆಯಿಲ್ ಕಡ್ಡಿ ಎಳೆದು ಮೂಸಿದ.

"ಬಾಕ್ಸಿಗೆ ಎಂತ ಆಗ್ಲಿಲ್ಲ ಅಣ್ಣ. ಆಯಿಲ್ ಕರಿ ಆಗಿದೆ, ಅಷ್ಟೆ."

ಹೊಸ ಆಯಿಲ್ ಹಾಕಿ ತಾನೇ ಸ್ಟೇರಿಂಗ್ ಹಿಡಿದ. "ಜರ್ಕ್ ಬಂದ್ರೆ ಹೇಳಿ."

ನಾನು ನನ್ನ ಹಳೆಯ ಸೀಟಿನಲ್ಲಿ ಕೂತೆ. ಕಡಲಿನ ಗಾಳಿ ಬರುತ್ತಿತ್ತು. ನಾನು ಬಲಕ್ಕೆ, ಸ್ಟೇರಿಂಗಿನ ಕಡೆ, ತಿರುಗಲಿಲ್ಲ. ತಿರುಗಿ ನೋಡದಿದ್ದರೆ ಅವಳೇ ಓಡಿಸಿದ ಹಾಗೆ. ಶಿರಿಯ ಸೇತುವೆ ದಾಟಿದ್ದೂ ತಿಳಿಯಲಿಲ್ಲ.

"ಎಂತ, ನಿದ್ದೆಯಾ? ಜರ್ಕ್ ಉಂಟಾ?"

ಇರಲಿಲ್ಲ. ಕಾರು ಹೊಳೆಯಲ್ಲಿ ದೋಣಿ ಹೋದ ಹಾಗೆ ಹೋಗುತ್ತಿತ್ತು.

"ಸಣ್ಣ ಡೌಟು ಉಂಟು," ಅಂದೆ. "ಇನ್ನೂ ಸ್ವಲ್ಪ ಮುಂದೆ ಹೋಗುವ."

ಹಮೀದ ನಕ್ಕ. "ಗೇರು ಸರಿ ಆಯ್ತು ಮಾರಾಯ್ರೆ. ನಿಮಗೆ ಬೇಕಾದ್ದು ಡ್ರೈವರ್."

ಆದರೂ ಗಾಡಿ ನಿಲ್ಲಿಸಲಿಲ್ಲ. ನನ್ನ ಡೌಟು ಪೂರ್ತಿ ಹೋಗುವಾಗ ಗ್ಯಾರೇಜಿನಿಂದ ಮೈಲುಗಟ್ಟಲೆ ದೂರದ ಉಪ್ಪಳ ಬಂದಿತ್ತು.