ಅಳಿಯನಿಗೆ ಹೇಳದ ಪಾಠ

ವೇಣೂರಿನ ರಿಕ್ಷಾ ಸ್ಟ್ಯಾಂಡಿನ ಅಬ್ದುಲ್ ರವೂಫರಿಗೆ ಊರಿನವರು ಇಟ್ಟ ಹೆಸರು ಗಂಡಸರ ಸೂಲಗಿತ್ತಿ. ಬೆಳ್ತಂಗಡಿಯಿಂದ ಮೂಡುಬಿದಿರೆಯವರೆಗೆ ಇವತ್ತು ಮೀಸೆ ತಿರುವುವ ಗಂಡಸರಲ್ಲಿ ಅರ್ಧದಷ್ಟು ಜನ ಅವರ ರಿಕ್ಷಾದ ಹಿಂದಿನ ಸೀಟಿನಲ್ಲಿ ಅಪ್ಪಂದಿರಾದವರು. ಉಳಿದರ್ಧ ಅಲ್ಲೇ ಹುಟ್ಟಿದವರು. ಈ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ರವೂಫಾಕನ ಕೆಲಸದಲ್ಲಿ ಹೆಚ್ಚುಕಡಿಮೆ ಇರಲಿಲ್ಲ.

ಹೆಂಡತಿ ಬಸುರಿ ಎಂದು ಗೊತ್ತಾದ ಹುಡುಗನನ್ನು ಅವರು ಹಿಡಿದು ತಂದು ರಿಕ್ಷಾದಲ್ಲಿ ಕೂರಿಸುತ್ತಿದ್ದರು. ಅವನ ತೊಡೆಯ ಮೇಲೆ, ಹೆಂಡತಿಯ ಬದಲಿಗೆ, ಬಾಯಿ ಕಟ್ಟದ ಅಕ್ಕಿಯ ಚೀಲ. ಮೂಡುಬಿದಿರೆಯ ಆಸ್ಪತ್ರೆ ಮುಟ್ಟುವವರೆಗೆ ಒಂದು ಕಾಳೂ ಚೆಲ್ಲಬಾರದು. ಆ ದಾರಿಯಲ್ಲಿ ಒಂದು ಹೊಂಡವಿತ್ತು. ಮಳೆಗಾಲದಲ್ಲಿ ಅದಕ್ಕೆ ಮಲ್ಪೆಯಿಂದ ದೋಣಿಗಳು ಮೀನಿಗೆ ಬರುತ್ತಿದ್ದವು. ಅಲ್ಲಿ ಅಕ್ಕಿ ಉಳಿಸಿಕೊಂಡವನು ಮಾತ್ರ ಪಾಸು. ಹೆರಿಗೆ ವಾರ್ಡಿನ ಹೊರಗೆ ಕಾದು ಕೂತಾಗ ನರ್ಸಮ್ಮಂದಿರಿಂದ ಕೇಳಿ ಕಲಿತದ್ದನ್ನು ದಾರಿಯುದ್ದಕ್ಕೂ ಹೇಳುವರು. ರಕ್ತ ಕೊಡುವವನನ್ನು ಮೊದಲೇ ಗೊತ್ತುಮಾಡಿಕೋ. ದಿನಾ ಸಂಜೆ ಹೆಂಡತಿಯನ್ನು ಕೇಳು: ತಲೆನೋವು ಉಂಟಾ, ಕಣ್ಣು ಮಂಜಾಗ್ತದಾ, ಮುಖ ಕೈ ಬಾತಿದೆಯಾ, ಮಗು ಒದೆಯುವುದು ಕಮ್ಮಿ ಆಗಿದೆಯಾ.

"ಕೇಳಿ ಸುಮ್ಮನೆ ಕೂರಬೇಡ ಮಾರಾಯ," ಎಂದು ಕೊನೆಗೆ ಹಿಂದೆ ತಿರುಗಿ ಹೇಳುವರು. "ಉಂಟು ಅಂತ ಹೇಳಿದರೆ ಆಗಲೇ ಬೊಬ್ಬೆ ಹಾಕು. ಮರ್ಯಾದೆ ನೋಡಬೇಡ."

ಇಂಥ ರವೂಫಾಕನ ಮಗಳು ಫರ್ಹಾನ ಎಂಟು ತಿಂಗಳ ಬಸುರಿಯಾಗಿ ಚೊಚ್ಚಲ ಹೆರಿಗೆಗೆ ತವರಿನಲ್ಲಿದ್ದಳು. ಅವಳ ಗಂಡ, ತೋಡಾರಿನ ಇರ್ಷಾದ್, ಸೌದಿಯ ದಮಾಮಿನಿಂದ ರಜೆ ಹಾಕಿ ಬಂದು ಮಾವನ ಮನೆಯಲ್ಲೇ ಉಳಿದಿದ್ದ. ಮೂರು ಊರಿನ ಅಪ್ಪಂದಿರಲ್ಲಿ ಪಾಠವಾಗದವನು ಅವನೊಬ್ಬನೇ. ಕಾರಣ, ಅವನು ಪುದಿಯಾಪ್ಳೆ. ಹೊಸ ಅಳಿಯ ಎಂದು ಅರ್ಥ, ಆದರೆ ಬ್ಯಾರಿಗಳ ಮನೆಯಲ್ಲಿ ಅವನು ಹಳಬನಾಗಲು ಹತ್ತಿಪ್ಪತ್ತು ವರ್ಷವಾದರೂ ಬೇಕು. ಅಲ್ಲಿಯವರೆಗೆ ಅವನು ಅತಿಥಿ. ಅತ್ತೆ ಝೈನಬ್ ಅವನ ಮುಂದೆ ಪೇರಿಸುತ್ತಿದ್ದ ಪತ್ತಿರ್ ರೊಟ್ಟಿಯ ರಾಶಿಯ ಹಿಂದೆ ಅವನ ತಲೆಯೇ ಕಾಣುತ್ತಿರಲಿಲ್ಲ. ಅಂಥವನೆದುರು ಮಾವನಾದವನು ಮಗಳ ಬಸಿರಿನ ಮಾತು ಎತ್ತುವುದು ಹೇಗೆ? ಅಳಿಯನಿಗೆ ಸಂಕೋಚವಾಗಬಾರದೆಂದು ರವೂಫಾಕ ಊಟವನ್ನೂ ಸ್ಟ್ಯಾಂಡಿನ ಹೋಟೆಲಿನಲ್ಲೇ ಮುಗಿಸಿ, ಮನೆಗೆ ಮಲಗಲಿಕ್ಕಷ್ಟೇ ಹೋಗುತ್ತಿದ್ದರು.

ಆದರೂ ಮನಸ್ಸು ತಡೆಯದೆ, ಪಕ್ಕದ ರಿಕ್ಷಾದ ಶೇಖರನಿಗೆ ಪಾಠವನ್ನೆಲ್ಲ ಒಪ್ಪಿಸಿ ಮನೆಗೆ ಕಳಿಸಿದರು. ಶೇಖರ ಹೋದ. ಅವನಿಗೂ ಚಹಾ ಬಂತು, ತಿಂಡಿ ಬಂತು. ಆ ಮರ್ಯಾದೆಗೆ ಅವನ ನಾಲಗೆಯೂ ಕಟ್ಟಿಹೋಗಿ, ದಮಾಮಿನ ಸೆಕೆ ಹೇಗುಂಟು ಎಂದು ಗಂಟೆಗಟ್ಟಲೆ ಕೇಳಿ ಎದ್ದು ಬಂದ. ಬೇಕಾದರೆ ಇನ್ನೊಮ್ಮೆ ಹೋಗ್ತೇನೆ ಎಂದ. ಸ್ಟ್ಯಾಂಡಿನವರು ನಕ್ಕರು. ರವೂಫಾಕನೂ ನಕ್ಕರು.

ಅದೇ ವಾರ ಫರ್ಹಾನಳಿಗೆ ತಲೆನೋವು ಬಂತು. ತಿಂಗಳ ಮೊದಲಲ್ಲಿ ಡಾಕ್ಟರಿಗೆ ತೋರಿಸಿದಾಗ ಎಲ್ಲ ಸರಿಯಿತ್ತು. ಬಳೆ ಬಿಗಿಯಾಗುತ್ತಿದ್ದುದನ್ನು ಕಂಡ ನೆಂಟರು ತವರಿನ ಊಟ ಮೈಗೆ ಹತ್ತಿದೆ ಎಂದು ಹೊಗಳಿ ಹೋದರು. ತಲೆನೋವನ್ನು ಅವಳು ಹೇಳಿದ್ದು ಗಂಡನಿಗೆ ಮಾತ್ರ. ಅಮ್ಮನಿಗೆ ಹೇಳಿದರೆ ಅವಳು ಗಾಬರಿ ಬೀಳುತ್ತಾಳೆ, ನೀವೇ ಸಮಯ ನೋಡಿ ಅಪ್ಪನಿಗೆ ಹೇಳಿ ಎಂದಳಂತೆ. ಅವನು ಹೇಳಲಿಲ್ಲ.

ಶುಕ್ರವಾರ ಇರ್ಷಾದ್ ನಮಾಜು ಮುಗಿಸಿ ಬಂದಾಗ ಫರ್ಹಾನ ಕೋಣೆಯ ನೆಲದಲ್ಲಿ ಬಿದ್ದು ಕೈಕಾಲು ಸೆಟೆದುಕೊಂಡಿದ್ದಳು. ಮೂಡುಬಿದಿರೆಗೆ ರವೂಫಾಕ ಓಡಿಸಿದ ರಭಸಕ್ಕೆ ರಿಕ್ಷಾ ಮುಂದೆ ಹೋಗಿ ಸದ್ದು ಆಮೇಲೆ ಬಂತು ಎನ್ನುತ್ತಾರೆ. ಅದೇ ಊರಿನವನಾದ ನಾನೂ ಹಾಗೆಯೇ ಹೇಳಿಕೊಂಡು ತಿರುಗಿದೆ, ಬೇರೆ ಏನು ಹೇಳುವುದೆಂದು ತಿಳಿಯದೆ. ತಾಯಿ ಉಳಿದಳು. ಮಗು ಗಂಡು, ಉಳಿಯಲಿಲ್ಲ.

ಇದು ಬಿ.ಪಿ. ಏರಿ ಬಂದ ಫಿಟ್ಸು, ತಲೆನೋವು ಯಾವಾಗಿನಿಂದ ಎಂದು ಡಾಕ್ಟರಮ್ಮ ಕೇಳಿದಾಗ, ಬುಧವಾರದಿಂದ ಎಂದು ಇರ್ಷಾದ್ ಹೇಳಿದ್ದು ಗೋಡೆಗೆ ಒರಗಿದ್ದ ಮಾವನಿಗೂ ಕೇಳಿಸಿತು. ಅವರು ಅಳಿಯನ ಮುಖ ನೋಡಿದರು. ಮದುವೆಯಾದ ಮೇಲೆ ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲಿರಬೇಕು.

"ನಿಮ್ಮ ಮನೆಯಲ್ಲಿ ಇದ್ದುಕೊಂಡು ಅವಳಿಗೆ ಸೌಖ್ಯ ಇಲ್ಲ ಅಂತ ನಾನು ಹೇಗೆ ಹೇಳುವುದು ಮಾಮ?" ಎಂದ ಇರ್ಷಾದ್. "ದೂರು ಹೇಳಿದ ಹಾಗೆ ಆಗ್ತದೆ ಅಂತ ಸುಮ್ಮನಾದೆ. ಸೋಮವಾರ ಹೇಗೂ ತೋರಿಸ್ಲಿಕ್ಕೆ ಇತ್ತಲ್ಲ."

ರವೂಫಾಕ ಅವನಿಗೆ ಬೈಯಲಿಲ್ಲ. ಯಾವ ಬಾಯಲ್ಲಿ ಬೈಯುವುದು?

ಆಮೇಲೆ ಅವರು ಯಾರನ್ನೂ ರಿಕ್ಷಾಕ್ಕೆ ಹತ್ತಿಸಲಿಲ್ಲ. ಶೇಖರನ ಮಗ ಅಶ್ವಿತ್, ಹೆಂಡತಿ ಸುಪ್ರೀತಾಗೆ ಏಳು ತಿಂಗಳಾಯಿತೆಂದು ತಾನಾಗಿಯೇ ಬಂದು ಹಿಂದಿನ ಸೀಟಿನಲ್ಲಿ ಕೂತ. ಬಹಳ ಹೊತ್ತು ಕೂತೇ ಇದ್ದ. "ಆಸ್ಪತ್ರೆಯ ಸಿಸ್ಟರನ್ನು ಕೇಳು ಮಗಾ, ನನಗೆ ಗೊತ್ತಿಲ್ಲ," ಎಂದು ಅವನನ್ನು ಇಳಿಸಿದರು. ಅಂದು ಪಾಠ ಹೇಳದೆ ಎದ್ದು ಬಂದದ್ದು ನೆನಪಾಗಿ ಶೇಖರ ಎರಡು ದಿನ ಅವರ ಕಡೆ ತಲೆಯೆತ್ತಿ ನೋಡಲಿಲ್ಲ.

ರಜೆ ಮುಗಿದು ಇರ್ಷಾದ್ ಹೊರಟ. ಫರ್ಹಾನ ಬಾಗಿಲಿಗೆ ಬರಲಿಲ್ಲ. ಅವಳು ಗಂಡನ ಜೊತೆಗೂ ಮಾತಾಡುತ್ತಿರಲಿಲ್ಲ, ಅಪ್ಪನ ಜೊತೆಗೂ ಇಲ್ಲ. ಮೂಡುಬಿದಿರೆ ಬಸ್ ಸ್ಟ್ಯಾಂಡಿನವರೆಗೆ ಮಾವನೇ ರಿಕ್ಷಾದಲ್ಲಿ ಬಿಟ್ಟರು. ಇಳಿದ ಮೇಲೆ ಇರ್ಷಾದ್ ಚೀಲ ಕೆಳಗಿಟ್ಟು ನಿಂತ.

"ಮಾಮ, ಎಲ್ಲರಿಗೂ ಏನೋ ನಾಲ್ಕು ಪ್ರಶ್ನೆ ಕಲಿಸ್ತೀರಂತೆ. ಸ್ಟ್ಯಾಂಡಿನಲ್ಲಿ ಹೇಳಿದರು. ಅದು ಯಾವುದು?"

ರವೂಫಾಕ ಹ್ಯಾಂಡಲ್ ಹಿಡಿದುಕೊಂಡೇ ಇದ್ದರು. ಮಂಗಳೂರಿನ ಬಸ್ಸು ಬಂದು ನಿಂತಿತು; ಕಂಡಕ್ಟರ್ ಬೇಗ ಹತ್ತಿ ಎಂದು ಬೊಬ್ಬೆ ಹಾಕಿದ.

"ನಿಮ್ಮ ಬಸ್ಸು ಬಂತು," ಎಂದರು ರವೂಫಾಕ. ಅಳಿಯನನ್ನು ಅವರು ಈಗಲೂ ಬಹುವಚನದಲ್ಲೇ ಮಾತಾಡಿಸುತ್ತಾರೆ.